ಗಂಡುಮಗುವಿಗೆ ಕೀರ್ತಿ ಎಂಬ ಹೆಸರು

ತುಮಕೂರು ಜಿಲ್ಲೆಯ ಹಳ್ಳಿಗಳ ಮತದಾರರ ಪಟ್ಟಿಯಲ್ಲಿ ಅರವತ್ತು ದಾಟಿದವರ ಹೆಸರುಗಳನ್ನು ಸಾಲಾಗಿ ಓದಿದರೆ ಒಂದು ಕ್ರಮ ಕಣ್ಣಿಗೆ ಬೀಳುತ್ತದೆ. ರಂಗಪ್ಪ ಇರುವ ಊರಿನಲ್ಲಿ ರಂಗಮ್ಮ ಇರುತ್ತಾರೆ, ಕೆಂಪಯ್ಯ ಇರುವಲ್ಲಿ ಕೆಂಪಮ್ಮ ಇರುತ್ತಾರೆ. ಶಿರಾ ಕಡೆಗೆ ಹೋದರೆ ಮೂಡಲಗಿರಿಯಪ್ಪ ಮತ್ತು ಮೂಡಲಗಿರಿಯಮ್ಮ, ಪಾವಗಡ ಮಧುಗಿರಿಗಳ ಕಡೆ ಓಬಳಪ್ಪ ಮತ್ತು ಓಬಳಮ್ಮ, ತುಮಕೂರಿನ ಸುತ್ತಮುತ್ತ ಸಿದ್ಧಗಂಗಯ್ಯ ಮತ್ತು ಸಿದ್ಧಗಂಗಮ್ಮ. ದೇವರು ಒಂದೇ, ಬೆಟ್ಟ ಒಂದೇ, ಹೆಸರಿನ ಬೇರೂ ಒಂದೇ. ಹೆಸರಿನ ಒಡೆಯರು ಗಂಡೋ ಹೆಣ್ಣೋ ಎಂಬುದನ್ನು ತಿಳಿಸುವುದು ಕೊನೆಯಲ್ಲಿ ಸೇರಿಕೊಂಡಿರುವ ಅಪ್ಪ, ಅಯ್ಯ, ಅಣ್ಣ, ಅಮ್ಮ, ಅಕ್ಕ ಎಂಬ ತುಂಡು ಮಾತ್ರ. ಗುಬ್ಬಿ ತಾಲ್ಲೂಕಿನಲ್ಲಿ ಹುಟ್ಟಿ, ಮಾಗಡಿ ತಾಲ್ಲೂಕಿನ ಹುಲಿಕಲ್ಲಿನ ರಸ್ತೆಯುದ್ದಕ್ಕೂ ಆಲದ ಸಸಿಗಳನ್ನು ಬೆಳೆಸಿ, 2019ರಲ್ಲಿ ಪದ್ಮಶ್ರೀ ಪಡೆದ ಸಾಲುಮರದ ತಿಮ್ಮಕ್ಕನವರ ಹೆಸರಿನಲ್ಲಿರುವುದು ತಿರುಪತಿಯ ತಿಮ್ಮಪ್ಪನೇ. ಗಂಡುದೇವರ ಹೆಸರು ಹೆಣ್ಣಿಗೆ ಬಂದಂತೆ ಹೆಣ್ಣುದೇವರ ಹೆಸರೂ ಗಂಡಿಗೆ ಬಂದಿದೆ. ಗಂಗಮ್ಮನಿಂದ ಗಂಗಯ್ಯ, ಚೌಡಮ್ಮನಿಂದ ಚೌಡಪ್ಪ, ಯಲ್ಲಮ್ಮನಿಂದ ಯಲ್ಲಪ್ಪ, ಮಾರಮ್ಮನಿಂದ ಮಾರಣ್ಣ ಆಗಿದ್ದಾರೆ. ಮೀಸೆ ತಿರುವಿಕೊಂಡು ಪಂಚಾಯಿತಿ ಕಟ್ಟೆಯ ಮೇಲೆ ಕೂರುತ್ತಿದ್ದ ಮಾರಣ್ಣನವರಿಗೆ ತಮ್ಮ ಹೆಸರಿನಲ್ಲಿ ಒಬ್ಬ ದೇವಿ ಇದ್ದಾಳೆಂಬುದು ಎಂದೂ ಕುಂದಾಗಿ ಕಂಡಿರಲಾರದು.

ಶಿರಾ ಮತ್ತು ತುಮಕೂರಿನ ಮುಸ್ಲಿಂ ಮನೆಗಳಲ್ಲಿಯೂ ಈ ಕ್ರಮವೇ ಇದೆ. ನಸೀಮ್, ಶಮೀಮ್, ನೂರ್, ಖುರ್ಷಿದ್ ಎಂಬ ಹೆಸರುಗಳು ಗಂಡಸರಿಗೂ ಹೆಂಗಸರಿಗೂ ಇರುತ್ತವೆ, ಮುಂದೆ ಬರುವ ಅಹ್ಮದ್, ಪಾಷ, ಬಾನು, ಬೇಗಂ ಎಂಬ ಪದಗಳು ಉಳಿದುದನ್ನು ಹೇಳುತ್ತವೆ. ಪಂಜಾಬಿನ ಸಿಖ್ಖರಲ್ಲಿ ಹರ್‌ಪ್ರೀತ್, ಗುರ್‌ಪ್ರೀತ್ ಎಂಬವು ಇಬ್ಬರಿಗೂ ಸಲ್ಲುವ ಹೆಸರುಗಳು, ಸಿಂಗ್ ಮತ್ತು ಕೌರ್ ಎಂಬುದಷ್ಟೇ ವ್ಯತ್ಯಾಸ.

ಇಷ್ಟನ್ನು ಮೊದಲೇ ಹೇಳಲು ಕಾರಣವಿದೆ. ಹೆಣ್ಣು ಗಂಡೆಂಬ ಗೆರೆಯನ್ನು ಮಸುಕಾಗಿಸುವ ಹೆಸರುಗಳನ್ನು ಮಕ್ಕಳಿಗೆ ಇಡುವ ಮಾತು ಬಂದಾಗಲೆಲ್ಲ, ಅದು ಬೆಂಗಳೂರಿನ ಅಪಾರ್ಟ್‌ಮೆಂಟುಗಳಲ್ಲಿ ಹುಟ್ಟಿದ ಹೊಸ ಚಾಳಿ ಎಂದೋ ಹೊರದೇಶದಿಂದ ಬಂದ ವಿಚಾರ ಎಂದೋ ತಳ್ಳಿಹಾಕುವ ಮಾತನ್ನು ನಾನು ನಮ್ಮ ಊರಿನಲ್ಲಿ ಮತ್ತೆ ಮತ್ತೆ ಕೇಳಿದ್ದೇನೆ. ಆ ಮಾತು ನಿಜವಲ್ಲ. ಹೆಸರಿನ ಬೇರನ್ನು ಗಂಡು ಹೆಣ್ಣುಗಳ ನಡುವೆ ಹಂಚಿಕೊಂಡು ಬಾಳಿದವರು ನಮ್ಮ ಅಜ್ಜಿ ತಾತಂದಿರು. ಮನೆಯೊಳಗೆ ಕರೆಯುವಾಗ ನಾವು ಇಂದಿಗೂ ಆ ಬೇರಿಗೇ ಮರಳುತ್ತೇವೆ. ಮಂಜುನಾಥನೂ ಮಂಜು, ಮಂಜುಳೆಯೂ ಮಂಜು. ಶಶಿಧರನೂ ಶಶಿಕಲೆಯೂ ಶಶಿ, ಭಾನುಪ್ರಕಾಶನೂ ಭಾನುಮತಿಯೂ ಭಾನು, ಇಂದುಶೇಖರನೂ ಇಂದುಮತಿಯೂ ಇಂದು. ದಾಖಲೆಯಲ್ಲಿ ಬಾಲ ಹಚ್ಚಿ, ಪ್ರೀತಿಯಿಂದ ಕರೆಯುವಾಗ ಅದನ್ನು ಬಿಡುವುದು ನಮ್ಮೆಲ್ಲರ ಮನೆಗಳಲ್ಲಿ ನಡೆದುಬಂದಿದೆ.

ಹಾಗೆಂದು ಹಳೆಯ ಹೆಸರುಗಳ ಲೋಕವನ್ನು ಸಮಾನತೆಯ ಲೋಕವೆಂದು ಹೊಗಳಲು ನಾನು ಸಿದ್ಧಳಿಲ್ಲ. ಸಾಲಾಗಿ ಹೆಣ್ಣುಮಕ್ಕಳು ಹುಟ್ಟಿದ ಮನೆಯಲ್ಲಿ ಕೊನೆಯವಳಿಗೆ ಸಾಕಮ್ಮ ಎಂದು ಹೆಸರಿಡುತ್ತಿದ್ದ ಪದ್ಧತಿ ನಮ್ಮ ಕಡೆಯೂ ಇತ್ತು. ಹೆಣ್ಣು ಇನ್ನು ಸಾಕು, ಮುಂದಿನದು ಗಂಡಾಗಲಿ ಎಂದು ದೇವರಿಗೆ ಮಾಡಿಕೊಂಡ ಮನವಿಯನ್ನು ಆ ಮಗು ಜೀವಮಾನವೆಲ್ಲ ತನ್ನ ಹೆಸರಾಗಿ ಹೊತ್ತು ತಿರುಗಬೇಕಿತ್ತು. ಗಂಡುಮಕ್ಕಳು ಹೆಚ್ಚಾದರೆಂದು ಮಗನಿಗೆ ಅಂಥ ಹೆಸರಿಟ್ಟ ಮನೆಯನ್ನು ನಾನು ಕಂಡಿಲ್ಲ. ಮಹಾರಾಷ್ಟ್ರದಲ್ಲಿ ಇದೇ ಅರ್ಥದಲ್ಲಿ, ಬೇಡವಾದವಳು ಎಂದು ಸಾರುವ ನಕೋಶಿ, ನಕುಶಾ ಎಂಬ ಹೆಸರುಗಳನ್ನು ಇಡುತ್ತಿದ್ದರು. 2011ರ ಅಕ್ಟೋಬರಿನಲ್ಲಿ ಸಾತಾರಾ ಜಿಲ್ಲೆಯ ಆಡಳಿತ ಅಂಥ 280ಕ್ಕೂ ಹೆಚ್ಚು ಹುಡುಗಿಯರನ್ನು ಒಂದೆಡೆ ಸೇರಿಸಿ, ಅವರು ತಾವೇ ಆರಿಸಿಕೊಂಡ ಹೊಸ ಹೆಸರುಗಳನ್ನು ದಾಖಲೆಗೆ ಏರಿಸಿತು. ಹೆಸರಿನಲ್ಲಿ ಏನಿದೆ, ಕರೆಯುವುದಕ್ಕೊಂದು ಗುರುತಷ್ಟೇ ಅಲ್ಲವೇ ಎನ್ನುವವರು ಆ ಹುಡುಗಿಯರನ್ನು ನೆನೆಯಬೇಕು. ಮಗುವಿನ ಬಗ್ಗೆ ಹೆತ್ತವರೂ ನೆಂಟರೂ ಏನನ್ನು ನಿರೀಕ್ಷಿಸುತ್ತಾರೆ ಎಂಬುದು ಮೊದಲು ಬರಹಕ್ಕಿಳಿಯುವುದು ಹೆಸರಿನಲ್ಲಿಯೇ.

ಶಾಸ್ತ್ರಗ್ರಂಥಗಳೂ ಈ ನಿರೀಕ್ಷೆಯನ್ನು ನಿಯಮವಾಗಿ ಬರೆದಿಟ್ಟಿವೆ. ಪಾರಸ್ಕರ ಗೃಹ್ಯಸೂತ್ರವು ಗಂಡುಮಗುವಿನ ಹೆಸರಿನಲ್ಲಿ ಎರಡು ಅಥವಾ ನಾಲ್ಕು ಅಕ್ಷರಗಳಿರಬೇಕೆಂದೂ ಹೆಣ್ಣುಮಗುವಿನ ಹೆಸರಿನಲ್ಲಿ ಬೆಸಸಂಖ್ಯೆಯ ಅಕ್ಷರಗಳಿರಬೇಕೆಂದೂ ಹೇಳುತ್ತದೆ. ಹೆಂಗಸರ ಹೆಸರು ಸುಲಭವಾಗಿ ಉಚ್ಚರಿಸುವಂತೆ, ಕ್ರೂರವಲ್ಲದಂತೆ, ಮನಸ್ಸಿಗೆ ಹಿತವಾಗುವಂತೆ, ದೀರ್ಘಸ್ವರದಲ್ಲಿ ಮುಗಿಯುವಂತೆ ಇರಬೇಕೆಂದು ಮನುಸ್ಮೃತಿಯ ಎರಡನೆಯ ಅಧ್ಯಾಯ ವಿಧಿಸುತ್ತದೆ. ಹಿತವಾಗಿರುವುದು, ಕೋಮಲವಾಗಿರುವುದು ಹೆಣ್ಣಿನ ಹೊಣೆ ಎಂಬ ತೀರ್ಮಾನ ತೊಟ್ಟಿಲಿನಲ್ಲಿಯೇ ಆಗಿಬಿಡುತ್ತದೆ. ಆದರೆ ಇದೇ ಸಂಪ್ರದಾಯದಲ್ಲಿ ಇನ್ನೊಂದು ಪದ್ಧತಿಯೂ ಇದೆ, ನಮ್ಮ ಮನೆಗಳಲ್ಲಿ ಗೃಹ್ಯಸೂತ್ರಕ್ಕಿಂತ ಹೆಚ್ಚಾಗಿ ನಡೆಯುವುದು ಅದೇ. ಮಗು ಹುಟ್ಟಿದ ನಕ್ಷತ್ರದ ಪಾದವನ್ನು ನೋಡಿ ಜೋಯಿಸರು ಹೆಸರಿನ ಮೊದಲ ಅಕ್ಷರವನ್ನು ಹೇಳುತ್ತಾರೆ. ಅಶ್ವಿನಿಗೆ ಚು, ಚೆ, ಚೊ, ಲ. ರೋಹಿಣಿಗೆ ಒ, ವ, ವಿ, ವು. ಮೃಗಶಿರೆಗೆ ವೆ, ವೊ, ಕ, ಕಿ. ಪಂಚಾಂಗದ ಈ ಕೋಷ್ಟಕದಲ್ಲಿ ಗಂಡಿಗೊಂದು ಹೆಣ್ಣಿಗೊಂದು ಎಂಬ ಭೇದವೇ ಇಲ್ಲ. ಹುಟ್ಟಿದ ಹೊತ್ತಿಗೆ ಒಂದು ಅಕ್ಷರ ಸಲ್ಲುತ್ತದೆ, ಹುಟ್ಟಿದ್ದು ಯಾವ ಮಗು ಎಂದು ಅದು ಕೇಳುವುದಿಲ್ಲ.

ನನ್ನ ತಮ್ಮನ ಮಗು ಹುಟ್ಟಿದ್ದು ಮೃಗಶಿರಾ ನಕ್ಷತ್ರದ ನಾಲ್ಕನೆಯ ಪಾದದಲ್ಲಿ. ಹಾಗಾಗಿ ಕಿ ಅಕ್ಷರ ಬಂದಿತು. ನಮ್ಮಲ್ಲಿ ತೊಟ್ಟಿಲಿಗೆ ಹಾಕುವ ದಿನ ಮಗುವಿನ ಕಿವಿಯಲ್ಲಿ ಮೊದಲು ಹೆಸರು ಹೇಳುವವಳು ಸೋದರತ್ತೆ. ಆ ಹಕ್ಕಿನ ಬಲದಿಂದ ಹೆಸರಿನ ಚರ್ಚೆಯಲ್ಲಿ ನನಗೂ ಒಂದು ಮಾತಿತ್ತು. ಕಿಶೋರ, ಕಿರಣ ಎಂಬ ಹೆಸರುಗಳು ಮನೆಯವರಿಂದ ಬಂದವು. ನಾನು ಕೀರ್ತಿ ಎಂದೆ. ಹುಟ್ಟಿದ್ದು ಗಂಡುಮಗು.

ನಮ್ಮ ದೊಡ್ಡಪ್ಪನವರು ಕೋಪಿಸಿಕೊಳ್ಳಲಿಲ್ಲ, ಆದರೆ ಚಿಂತೆ ಪಟ್ಟರು. "ಗಂಡುಹುಡುಗನಿಗೆ ಕೀರ್ತಿ ಅಂತ ಇಟ್ಟರೆ ನಾಳೆ ಸ್ಕೂಲಲ್ಲಿ ಹುಡುಗರು ಆಡಿಕೊಳ್ಳಲ್ವೇನಮ್ಮ?" ಎಂದರು. ತಮ್ಮನ ಅತ್ತೆಯವರು ಜಗಳವಾಗಬಾರದೆಂದು ಒಂದು ದಾರಿ ಹುಡುಕಿದರು. "ಕೀರ್ತಿಕುಮಾರ ಅಂತ ಬರೆಸಿ, ಮನೇಲಿ ಕೀರ್ತಿ ಅಂತಲೇ ಕರೆಯೋಣ" ಎಂಬುದು ಅವರ ಸಲಹೆ. ಅಲ್ಲಿಯವರೆಗೆ ಮಗುವಿಗೆ ಹಾಲೂಡಿಸುತ್ತಾ ಸುಮ್ಮನೆ ಕುಳಿತಿದ್ದ ತಮ್ಮನ ಹೆಂಡತಿ ಆಗ ತಲೆಯೆತ್ತಿ, "ಹೆಣ್ಣಾಗಿದ್ದಿದ್ದರೆ ಕೀರ್ತಿಕುಮಾರಿ ಅಂತ ಬರೆಸ್ತಿದ್ರಾ ಅಮ್ಮ?" ಎಂದು ಕೇಳಿದಳು. ಯಾರೂ ಹಾಗೆ ಬರೆಸುತ್ತಿರಲಿಲ್ಲ. ಹೆಣ್ಣಾಗಿದ್ದರೆ ಕೀರ್ತಿ ಎಂಬಷ್ಟೇ ಸಾಕಾಗುತ್ತಿತ್ತು. ಗಂಡಾದುದರಿಂದ ಆ ಹೆಸರಿಗೆ ಕಾವಲಾಗಿ ಇನ್ನೊಂದು ಪದ ಬೇಕೆನ್ನಿಸಿತು.

ದೊಡ್ಡಪ್ಪನವರ ಚಿಂತೆಯನ್ನು ನಾನು ಹಗುರವಾಗಿ ಕಾಣುವುದಿಲ್ಲ, ಏಕೆಂದರೆ ಅದು ಪ್ರೀತಿಯಿಂದ ಹುಟ್ಟಿದ್ದು ಮತ್ತು ಅದಕ್ಕೆ ಆಧಾರವೂ ಇದೆ. ಗಂಡುಹುಡುಗನನ್ನು ಹೆಣ್ಣಿನ ಹೆಸರಿನಿಂದ ಕರೆಯುವುದು ನಮ್ಮ ಶಾಲೆಗಳ ಅಂಗಳದಲ್ಲಿ ಇಂದಿಗೂ ಬೈಗುಳವೇ. ಆದರೆ ಆ ಬೈಗುಳ ನಡೆಯುತ್ತಿರುವುದು ಏಕೆ ಎಂದು ಕೇಳಿಕೊಂಡರೆ ಉತ್ತರ ಹೆಸರಿನಲ್ಲಿಲ್ಲ, ಹೆಣ್ಣಿನಂತಿರುವುದು ಕೀಳೆಂಬ ನಂಬಿಕೆಯಲ್ಲಿದೆ. ಹುಡುಗಿಗೆ ಕಿರಣ್ ಎಂದು ಹೆಸರಿಟ್ಟರೆ ಯಾರೂ ಆಕೆಗಾಗಿ ಚಿಂತಿಸುವುದಿಲ್ಲ. ಚುರುಕಾದ ಹೆಸರು ಎಂದು ಮೆಚ್ಚುವವರೇ ಹೆಚ್ಚು. ತೇಜಸ್ವಿನಿಯರ ಜೊತೆಗೆ ತೇಜಸ್ವಿ ಎಂಬ ಹೆಸರಿನ ಹುಡುಗಿಯರೂ ಈಗ ತುಮಕೂರಿನ ತರಗತಿಗಳಲ್ಲಿ ಕಾಣಸಿಗುತ್ತಾರೆ, ಅದು ಯಾರ ಹುಬ್ಬನ್ನೂ ಏರಿಸಿಲ್ಲ. ಗಂಡಿನದೆನ್ನಿಸಿದ ಹೆಸರು ಹೆಣ್ಣಿಗೆ ಬಂದರೆ ಅದನ್ನು ಬಡ್ತಿಯೆಂದು ಎಣಿಸುತ್ತೇವೆ, ಹೆಣ್ಣಿನದೆನ್ನಿಸಿದ ಹೆಸರು ಗಂಡಿಗೆ ಹೋದರೆ ಅವಮಾನವೆಂದು ಹೆದರುತ್ತೇವೆ. ಇಬ್ಬರಿಗೂ ಸಲ್ಲುವ ಹೆಸರುಗಳ ಬಗ್ಗೆ ಉತ್ಸಾಹದಿಂದ ಮಾತನಾಡುವ ನನ್ನ ಸ್ನೇಹಿತರಲ್ಲಿ ಹಲವರು ಹೆಣ್ಣುಮಕ್ಕಳ ತಂದೆತಾಯಿಗಳು. ಗಂಡುಮಗುವಿಗೆ ಹೆಸರಿಡುವಾಗ ಅದೇ ಉತ್ಸಾಹ ಉಳಿಯುತ್ತದೆಯೇ ಎಂಬುದೇ ನಿಜವಾದ ಪರೀಕ್ಷೆ ಎಂದು ನಾನು ನಂಬಿದ್ದೇನೆ. ಒಂದೇ ದಿಕ್ಕಿನಲ್ಲಿ ದಾಟಬಹುದಾದ ಗೆರೆ ಅಳಿದಿಲ್ಲ, ಹಾಗೆಯೇ ಇದೆ.

ಇಂಗ್ಲಿಷ್ ಮಾತನಾಡುವ ದೇಶಗಳಲ್ಲಿ ಆದುದನ್ನು ನೋಡಿದರೆ ಈ ಆತಂಕದ ಪರಿಣಾಮ ಸ್ಪಷ್ಟವಾಗುತ್ತದೆ. ಆ್ಯಶ್ಲಿ, ಬೆವರ್ಲಿ, ಲೆಸ್ಲಿ ಎಂಬವು ಒಂದು ಕಾಲಕ್ಕೆ ಗಂಡಸರ ಹೆಸರುಗಳಾಗಿದ್ದವು. ಹೆಣ್ಣುಮಕ್ಕಳಿಗೆ ಇಡತೊಡಗಿದ ಮೇಲೆ ತಂದೆತಾಯಿಗಳು ಅವನ್ನು ಗಂಡುಮಕ್ಕಳಿಗೆ ಇಡುವುದನ್ನು ಬಹುಮಟ್ಟಿಗೆ ಬಿಟ್ಟರು. ನಮ್ಮಲ್ಲಿಯೂ ಹೀಗೆ ಒಂದು ಕಡೆಗೆ ಸರಿದುಹೋದ ಪದಗಳಿವೆ. ಸೌಮ್ಯ, ರಮ್ಯ, ಅನನ್ಯ, ಧನ್ಯ ಎಂಬವು ಗುಣವಾಚಕಗಳು, ಯಾರಿಗೆ ಬೇಕಾದರೂ ಸಲ್ಲುವ ಮಾತುಗಳು. ಸೌಮ್ಯ ಸ್ವಭಾವದ ಗಂಡಸನ್ನು ಊರೆಲ್ಲ ಹೊಗಳುತ್ತದೆ, ಆದರೆ ಆ ಗುಣವನ್ನು ಮಗನಿಗೆ ಹೆಸರಾಗಿ ಇಡಲು ಮನಸ್ಸು ಬರುವುದಿಲ್ಲ. ಪ್ರಸನ್ನ ಎಂಬ ಹೆಸರು ಮಾತ್ರ ಹೇಗೋ ಉಳಿದುಕೊಂಡಿದೆ, ಆ ಹೆಸರಿನ ಗಂಡಸರೂ ಹೆಂಗಸರೂ ನಮ್ಮ ಬೀದಿಯಲ್ಲಿಯೇ ಇದ್ದಾರೆ. ಇನ್ನೊಂದು ಬದಲಾವಣೆ ಈಚಿನದು. ನಮ್ಮ ತಂದೆಯವರ ತಲೆಮಾರಿನಲ್ಲಿ ಅರುಣ, ವಿಜಯ, ವಸಂತ ಎಂದು ಕನ್ನಡದಲ್ಲಿ ಬರೆದರೆ ಗಂಡೋ ಹೆಣ್ಣೋ ಎಂದು ಬರಹದಿಂದ ಹೇಳುವಂತಿರಲಿಲ್ಲ, ಎರಡಕ್ಕೂ ಅದೇ ರೂಪ ನಡೆಯುತ್ತಿತ್ತು. ಈಗ ಅರುಣ್, ವಿಜಯ್, ವಸಂತ್ ಎಂದು ಕೊನೆಯ ಸ್ವರವನ್ನು ಕತ್ತರಿಸಿದರೆ ಗಂಡು, ಉಳಿಸಿಕೊಂಡರೆ ಹೆಣ್ಣು ಎಂಬ ರೂಢಿ ಬೆಳೆದಿದೆ. ಚೇತನ್ ಮತ್ತು ಚೇತನ, ಚಂದನ್ ಮತ್ತು ಚಂದನ ಎಂಬ ಜೋಡಿಗಳು ಹಾಗೆ ಆದವು. ಅಪ್ಪ ಅಮ್ಮಗಳ ಬಾಲ ಹಳ್ಳಿಯದೆಂದು ಕಳಚಿಟ್ಟ ನಾವು ಅದರ ಕೆಲಸವನ್ನು ಒಂದು ವ್ಯಂಜನಕ್ಕೆ ಒಪ್ಪಿಸಿದ್ದೇವೆ.

ಕೀರ್ತಿ ಸಂಸ್ಕೃತದಲ್ಲಿ ಸ್ತ್ರೀಲಿಂಗ, ಆದ್ದರಿಂದ ಅದು ಹುಡುಗಿಯರದೇ ಹೆಸರು ಎಂಬ ಆಕ್ಷೇಪವೂ ನಮ್ಮ ನೆಂಟರಲ್ಲಿ ಒಬ್ಬ ನಿವೃತ್ತ ಮೇಷ್ಟರಿಂದ ಬಂದಿತು. ಅವರಿಗೆ ನಾನು ಕೊಟ್ಟ ಉತ್ತರವನ್ನು ಇಲ್ಲಿ ಸ್ವಲ್ಪ ವಿಸ್ತರಿಸಿ ಬರೆಯುತ್ತೇನೆ. ಸಂಸ್ಕೃತದಲ್ಲಿ ಪ್ರತಿಯೊಂದು ನಾಮಪದಕ್ಕೂ ವ್ಯಾಕರಣದ ಲಿಂಗವಿದೆ, ಅಲ್ಲಿ ಕಿರಣ ಪುಲ್ಲಿಂಗ, ಕೀರ್ತಿ ಸ್ತ್ರೀಲಿಂಗ. ಕನ್ನಡದ ದಾರಿ ಬೇರೆ. ಇಲ್ಲಿ ಮನುಷ್ಯರು ದೇವತೆಗಳನ್ನು ಬಿಟ್ಟರೆ ಉಳಿದುದೆಲ್ಲ ಸಾಮಾನ್ಯವಾಗಿ ನಪುಂಸಕಲಿಂಗವೇ. ಕಿಟಕಿಯಿಂದ ಕಿರಣ ಬಿತ್ತು ಎನ್ನುತ್ತೇವೆ, ಮನೆತನಕ್ಕೆ ಕೀರ್ತಿ ಬಂತು ಎನ್ನುತ್ತೇವೆ. ಕನ್ನಡದ ಬಾಯಲ್ಲಿ ಎರಡೂ ಸಮಾನ. ಕಿರಣವನ್ನು ಹುಡುಗಿಗೆ ಕೊಡಬಹುದಾದರೆ ಕೀರ್ತಿಯನ್ನು ಹುಡುಗನಿಗೆ ಏಕೆ ಕೊಡಬಾರದು? 6ನೇ ಶತಮಾನದ ಉತ್ತರಾರ್ಧದಲ್ಲಿ ಬಾದಾಮಿಯಿಂದ ಆಳಿದ ಚಾಲುಕ್ಯ ಅರಸನ ಹೆಸರು ಕೀರ್ತಿವರ್ಮ, ಇಮ್ಮಡಿ ಪುಲಕೇಶಿಯ ತಂದೆ ಅವನು. ವರ್ಮ ಎಂಬುದು ಅಲ್ಲಿಯೂ ಬಾಲವೇ, ನಿಜ. ಆದರೆ ರಾಜನೊಬ್ಬ ತನ್ನ ಹೆಸರಿನ ಮೊದಲಿಗೆ ಕೀರ್ತಿಯನ್ನು ಇಟ್ಟುಕೊಂಡು ಆಳಿದನೆಂಬುದು ದೊಡ್ಡಪ್ಪನವರಿಗೆ ಸಮಾಧಾನ ತಂದ ಮಾತು.

ಲಿಂಗದ ಗುರುತಿಲ್ಲದ ಹೆಸರುಗಳನ್ನು ಹುಡುಕುವವರಿಗೆ ಕನ್ನಡದ ಈ ಗುಣ ದೊಡ್ಡ ಕೊಡುಗೆ ಎಂದು ನನಗೆ ಅನ್ನಿಸುತ್ತದೆ. ಅರಿವು, ಬೆಳಕು, ಮುಗಿಲು, ನೇಸರ, ಚಿಗುರು, ಒಲವು, ಸಿರಿ ಎಂಬ ಪದಗಳನ್ನು ಮಕ್ಕಳಿಗೆ ಇಡುವ ರೂಢಿ ಈಗ ಅಲ್ಲಲ್ಲಿ ಕಾಣುತ್ತಿದೆ. ಇವುಗಳಲ್ಲಿ ಅರಿವು ಮತ್ತು ನೇಸರ ನನಗೆ ಹೆಚ್ಚು ಇಷ್ಟ, ಏಕೆಂದರೆ ಅವು ಇನ್ನೂ ಯಾವ ಕಡೆಗೂ ಸರಿದಿಲ್ಲ ಮತ್ತು ಕೂಗಿ ಕರೆಯುವುದಕ್ಕೂ ಒದಗುತ್ತವೆ. ಸಿರಿ ಬಹುಪಾಲು ಹುಡುಗಿಯರ ಕಡೆಗೆ ಹೋಗಿದೆ, ಇಂಚರವೂ ಹಾಗೆಯೇ. ಮಗನಿಗೆ ಸಿರಿ ಎಂದು ಹೆಸರಿಡುವವರು ಯಾರಾದರೂ ಇದ್ದರೆ ಆ ಹೆಸರಿಗೆ ಅದರ ಅರ್ಧ ಪಾಲು ಮರಳಿ ಸಿಕ್ಕಂತಾಗುತ್ತದೆ.

ಇಂಥ ಹೆಸರಿನಿಂದ ಮಗು ಗಂಡೋ ಹೆಣ್ಣೋ ಎಂಬುದು ಮರೆಯಾಗುತ್ತದೆ ಎಂದು ಭಾವಿಸುವುದೂ ಬೇಡ, ಮರೆಮಾಡುವುದು ಉದ್ದೇಶವೂ ಅಲ್ಲ. ಕನ್ನಡದ ಕ್ರಿಯಾಪದ ಅದಕ್ಕೆ ಅವಕಾಶ ಕೊಡುವುದಿಲ್ಲ. ಕೀರ್ತಿ ಬಂದನು, ಕೀರ್ತಿ ಬಂದಳು ಎಂದ ಕೂಡಲೇ ಎಲ್ಲವೂ ತಿಳಿಯುತ್ತದೆ. ಮಗು ಬಂತು, ಮಗು ನಕ್ಕಿತು ಎನ್ನುವ ವಯಸ್ಸು ದಾಟುತ್ತಲೇ ಭಾಷೆ ನಮ್ಮನ್ನು ಎರಡು ಸಾಲಿನಲ್ಲಿ ನಿಲ್ಲಿಸುತ್ತದೆ, ಮುಂದೆ ಗೌರವದ ಬಹುವಚನ ಸಿಗುವವರೆಗೆ ಅಲ್ಲಿಯೇ ನಿಂತಿರಬೇಕು. ಹೆಸರಿನಿಂದ ಆಗಬೇಕಾದ ಕೆಲಸ ಅದಕ್ಕಿಂತ ಚಿಕ್ಕದು ಮತ್ತು ಖಚಿತವಾದದ್ದು. ಮಗುವನ್ನು ನೋಡದೆ ಹೆಸರನ್ನು ಮಾತ್ರ ಓದುವ ಜಾಗಗಳಲ್ಲಿ, ಅಂದರೆ ಅರ್ಜಿಯಲ್ಲಿ, ಉತ್ತರಪತ್ರಿಕೆಯಲ್ಲಿ, ಕೆಲಸಕ್ಕೆ ಕಳುಹಿಸಿದ ಸ್ವವಿವರದಲ್ಲಿ, ಓದುವವರ ಮನಸ್ಸಿನಲ್ಲಿ ಮೊದಲೇ ಕುಳಿತಿರುವ ಎಣಿಕೆಗೆ ಅದು ಆಸರೆ ಕೊಡದಿದ್ದರೆ ಸಾಕು. ಮನೆಯಲ್ಲಿ ಮಗುವೇ ತನ್ನ ಹೆಸರಿನ ಅರ್ಥ ಕೇಳಿದಾಗ, ವೀರನಾಗು ಎಂದೋ ಕೋಮಲೆಯಾಗು ಎಂದೋ ಅದು ಆಜ್ಞೆ ಮಾಡದಿದ್ದರೆ ಸಾಕು.

ಹೆಸರು ಲಿಂಗವನ್ನು ಹೇಳಲೇಬೇಕು ಎಂದು ಹಟ ಹಿಡಿದ ದೇಶಗಳು ನಮ್ಮಲ್ಲಿಗಿಂತ ಯುರೋಪಿನಲ್ಲಿಯೇ ಹೆಚ್ಚಾಗಿದ್ದವು ಎಂಬುದನ್ನು ತಿಳಿದಾಗ ನನಗೆ ಆಶ್ಚರ್ಯವಾಯಿತು. ಜರ್ಮನಿಯಲ್ಲಿ ಹೆಸರಿನಿಂದ ಮಗು ಗಂಡೋ ಹೆಣ್ಣೋ ಎಂದು ತಿಳಿಯದಿದ್ದರೆ ನೋಂದಣಿ ಅಧಿಕಾರಿಗಳು ಒಪ್ಪುತ್ತಿರಲಿಲ್ಲ, ಸ್ಪಷ್ಟವಾದ ಎರಡನೆಯ ಹೆಸರೊಂದನ್ನು ಸೇರಿಸಬೇಕೆಂದು ಕೇಳುತ್ತಿದ್ದರು. ಆ ರೂಢಿಯನ್ನು ಮುರಿದ ಪ್ರಕರಣ ನಮಗೆ ತೀರ ಪರಿಚಿತವಾದ ಹೆಸರಿನದು. ತಂದೆತಾಯಿ ತಮ್ಮ ಮಗಳಿಗೆ ಕಿರಣ್ ಎಂದು ಹೆಸರಿಟ್ಟರು, ಅಧಿಕಾರಿಗಳು ನಿರಾಕರಿಸಿದರು, ವ್ಯಾಜ್ಯ ಆ ದೇಶದ ಸಾಂವಿಧಾನಿಕ ನ್ಯಾಯಾಲಯದವರೆಗೆ ಹೋಯಿತು. ಹೆಸರು ಲಿಂಗವನ್ನು ಸೂಚಿಸಲೇಬೇಕೆಂಬ ನಿಯಮ ಕಾನೂನಿನಲ್ಲಿ ಎಲ್ಲಿಯೂ ಇಲ್ಲ, ಹೆಸರು ಆರಿಸುವುದು ತಂದೆತಾಯಿಯ ಹಕ್ಕು, ಮಗುವಿನ ಹಿತಕ್ಕೆ ಧಕ್ಕೆಯಾಗುವಂತಿದ್ದರೆ ಮಾತ್ರ ಅದನ್ನು ತಡೆಯಬಹುದು ಎಂದು 2008ರ ಡಿಸೆಂಬರ್ 5ರಂದು ಆ ನ್ಯಾಯಾಲಯ ತೀರ್ಪಿತ್ತಿತು. ಐಸ್‌ಲ್ಯಾಂಡಿನಲ್ಲಿ ಒಪ್ಪಿತ ಹೆಸರುಗಳ ಪಟ್ಟಿಯನ್ನು ನೋಡಿಕೊಳ್ಳಲು ಸರ್ಕಾರದ ಸಮಿತಿಯೇ ಇದೆ. ಮಂದವಾದ ಗಾಳಿ ಎಂಬರ್ಥದ ಬ್ಲೈರ್ ಎಂಬ ಹೆಸರನ್ನು ಗಂಡಸರದೆಂದು ಹೇಳಿ ಒಬ್ಬ ಹುಡುಗಿಗೆ ನಿರಾಕರಿಸಲಾಗಿತ್ತು. ಹದಿನೈದು ವರ್ಷವಾಗುವವರೆಗೆ ಸರ್ಕಾರಿ ದಾಖಲೆಗಳಲ್ಲಿ ಆಕೆಯ ಹೆಸರಿನ ಜಾಗದಲ್ಲಿ ಹುಡುಗಿ ಎಂದಷ್ಟೇ ಇತ್ತು. 2013ರ ಜನವರಿಯಲ್ಲಿ ನ್ಯಾಯಾಲಯ ಆ ಹೆಸರನ್ನು ಆಕೆಗೆ ಕೊಟ್ಟಿತು. 2019ರ ಕಾಯ್ದೆಯ ನಂತರ ಅಲ್ಲಿ ಒಪ್ಪಿತ ಪಟ್ಟಿಯಲ್ಲಿರುವ ಯಾವ ಹೆಸರನ್ನಾದರೂ ಗಂಡು ಹೆಣ್ಣೆಂಬ ಭೇದವಿಲ್ಲದೆ ಯಾರು ಬೇಕಾದರೂ ಇಟ್ಟುಕೊಳ್ಳಬಹುದು. ಭಾರತದಲ್ಲಿ ಇಂಥ ಕಟ್ಟಳೆಯೇ ಇಲ್ಲ. ಅಲ್ಲಿ ನ್ಯಾಯಾಲಯದಲ್ಲಿ ಹೋರಾಡಿ ಪಡೆದ ಸ್ವಾತಂತ್ರ್ಯ ಇಲ್ಲಿ ಯಾರನ್ನೂ ಕೇಳದೆ ನಮ್ಮ ಕೈಯಲ್ಲಿದೆ, ನಮ್ಮನ್ನು ತಡೆಯುವವರು ನೆಂಟರು ಮಾತ್ರ.

ದಾಖಲೆಗಳಲ್ಲಿ ಗೊಂದಲವಾಗುತ್ತದೆ ಎಂಬ ಭಯವನ್ನೂ ಹಲವರು ಹೇಳುತ್ತಾರೆ. ನಮ್ಮ ದಾಖಲೆಗಳ ರಚನೆಯನ್ನು ನೋಡಿದರೆ ಆ ಭಯಕ್ಕೆ ಹೆಚ್ಚು ಆಧಾರವಿಲ್ಲ. ಜನನ ಪ್ರಮಾಣಪತ್ರದಲ್ಲಿ, ಆಧಾರ್‌ನಲ್ಲಿ, ಮತದಾರರ ಪಟ್ಟಿಯಲ್ಲಿ ಲಿಂಗಕ್ಕೆಂದೇ ಪ್ರತ್ಯೇಕ ಜಾಗವಿದೆ. ಹಳೆಯ ಜಮೀನು ಪತ್ರಗಳಲ್ಲಿ ಸಹ ಇಂಥವರು ಬಿನ್ ಇಂಥವರು, ಇಂಥವರು ಕೋಂ ಇಂಥವರು ಎಂದು ಬರೆದಾಗ ಮಗನೋ ಹೆಂಡತಿಯೋ ಎಂಬುದನ್ನು ಆ ಪುಟ್ಟ ಪದಗಳೇ ಹೇಳಿಬಿಡುತ್ತವೆ. ನಾನು ಪಾಠ ಮಾಡುತ್ತಿದ್ದ ಒಂದು ಶಾಲೆಯಲ್ಲಿ ಹಾಜರಿ ಪುಸ್ತಕದಲ್ಲಿ ಮೊದಲು ಹುಡುಗರ ಹೆಸರುಗಳನ್ನು ಬರೆದು ಮುಗಿಸಿ, ಅನಂತರ ಹುಡುಗಿಯರ ಹೆಸರುಗಳನ್ನು ಬರೆಯುತ್ತಿದ್ದರು. ಕಿರಣ್ ಎಂಬ ಹುಡುಗಿಯ ಹೆಸರು ಒಮ್ಮೆ ಹುಡುಗರ ಸಾಲಿಗೆ ಹೋಗಿ ಸೇರಿತ್ತು. ಹೆಸರು ಕರೆದಾಗ ಆಕೆ ಎದ್ದು ನಿಂತಳು, ತರಗತಿ ನಕ್ಕಿತು, ಮರುದಿನ ಪುಟವನ್ನು ತಿದ್ದಲಾಯಿತು. ಅಂದು ತಿದ್ದಬೇಕಾಗಿದ್ದುದು ಆಕೆಯ ಹೆಸರನ್ನಲ್ಲ ಎಂಬುದು ನನಗೆ ಆಗಲೇ ಖಚಿತವಾಗಿತ್ತು. ಮಕ್ಕಳನ್ನು ಅಕಾರಾದಿಯಾಗಿ ಒಂದೇ ಪಟ್ಟಿಯಲ್ಲಿ ಬರೆದರೆ ಯಾವ ಪಾಠಕ್ಕೂ ತೊಂದರೆಯಾಗುವುದಿಲ್ಲ.

ಇಲ್ಲಿಯವರೆಗೆ ನಾನು ಬರೆದುದು ಗಂಡು ಅಥವಾ ಹೆಣ್ಣೆಂದು ಬೆಳೆಯುವ ಮಕ್ಕಳ ಬಗ್ಗೆ. ಹುಟ್ಟಿದಾಗ ಬರೆಸಿದ ಲಿಂಗ ತಮ್ಮದಲ್ಲವೆಂದು ಬೆಳೆಯುತ್ತ ಕಂಡುಕೊಳ್ಳುವವರಿಗೆ ಹೆಸರು ಇನ್ನೂ ಭಾರವಾದ ಸಂಗತಿ. 2014ರ ಏಪ್ರಿಲ್ 15ರಂದು ಸುಪ್ರೀಂ ಕೋರ್ಟ್ ತನ್ನ ಲಿಂಗವನ್ನು ತಾನೇ ಗುರುತಿಸಿಕೊಳ್ಳುವ ಹಕ್ಕನ್ನು ಎತ್ತಿಹಿಡಿಯಿತು, ನಮ್ಮ ದೇಶದ 2019ರ ಟ್ರಾನ್ಸ್‌ಜೆಂಡರ್ ವ್ಯಕ್ತಿಗಳ ಹಕ್ಕುಗಳ ರಕ್ಷಣಾ ಕಾಯ್ದೆ ಗುರುತಿನ ಪ್ರಮಾಣಪತ್ರ ಪಡೆದವರಿಗೆ ಜನನ ಪ್ರಮಾಣಪತ್ರದಲ್ಲಿಯೂ ಇತರ ದಾಖಲೆಗಳಲ್ಲಿಯೂ ಮೊದಲ ಹೆಸರನ್ನು ಬದಲಾಯಿಸಿಕೊಳ್ಳುವ ಅವಕಾಶವನ್ನು ಬರೆದಿಟ್ಟಿತು. ಆದರೂ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಿಂದ ಹಿಡಿದು ಬ್ಯಾಂಕಿನ ಪಾಸ್‌ಬುಕ್ಕಿನವರೆಗೆ ಒಂದೊಂದನ್ನೂ ತಿದ್ದಿಸಿಕೊಳ್ಳುವುದು ದೀರ್ಘವಾದ ಅಲೆದಾಟ, ಪ್ರತಿ ಕಚೇರಿಯಲ್ಲಿಯೂ ತಮ್ಮ ಬದುಕನ್ನು ಮತ್ತೆ ವಿವರಿಸಬೇಕಾದ ನೋವು. ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾಗಿದ್ದು, ಪದ್ಮಶ್ರೀ ಪುರಸ್ಕೃತರಾದ ಮಂಜಮ್ಮ ಜೋಗತಿಯವರು ತಮಗೆ ಮೊದಲು ಮಂಜುನಾಥ ಎಂಬ ಹೆಸರಿತ್ತೆಂದು ಸಾರ್ವಜನಿಕವಾಗಿ ಹೇಳಿಕೊಂಡಿದ್ದಾರೆ. ಅವರ ಬದುಕಿನಲ್ಲಿ ಎಲ್ಲವೂ ಬದಲಾಯಿತು, ಹೆಸರಿನ ಬೇರು ಮಾತ್ರ ಅವರೊಂದಿಗೇ ಬಂದಿತು. ಬಾಲವನ್ನೇ ಹಚ್ಚದೆ ಬೇರನ್ನಷ್ಟೇ ದಾಖಲೆಗೆ ಬರೆಸಿದ್ದರೆ ಅಂಥ ಮಕ್ಕಳ ಅಲೆದಾಟದಲ್ಲಿ ಒಂದು ಹೆಜ್ಜೆಯಾದರೂ ಕಡಿಮೆಯಾಗುತ್ತದೆ. ನಮ್ಮ ತೊಟ್ಟಿಲಿನಲ್ಲಿರುವ ಮಗು ಮುಂದೆ ಏನಾಗುತ್ತದೆ ಎಂಬುದು ನಮ್ಮಲ್ಲಿ ಯಾರಿಗೂ ಗೊತ್ತಿರುವುದಿಲ್ಲವಾದ್ದರಿಂದ ಇದು ಎಲ್ಲ ಮನೆಗಳಿಗೂ ಸಂಬಂಧಿಸಿದ ಮಾತು.

ಮನೆಯಲ್ಲಿ ಒಮ್ಮತ ಬರುವವರೆಗೆ ಕಾಯಲು ಕಾನೂನಿನಲ್ಲಿಯೇ ಸಮಯವಿದೆ. 1969ರ ಜನನ ಮರಣ ನೋಂದಣಿ ಕಾಯ್ದೆಯ ಪ್ರಕಾರ ಜನನವನ್ನು 21 ದಿನಗಳೊಳಗೆ ತಿಳಿಸಬೇಕು, ಆದರೆ ಆಗಲೇ ಹೆಸರನ್ನು ಕೊಡಬೇಕೆಂದಿಲ್ಲ. ಹೆಸರಿಲ್ಲದೆ ನೋಂದಾಯಿಸಿ, 12 ತಿಂಗಳೊಳಗೆ ಶುಲ್ಕವಿಲ್ಲದೆ ಸೇರಿಸಬಹುದು, ಅನಂತರವೂ 15 ವರ್ಷಗಳವರೆಗೆ ಶುಲ್ಕ ಕಟ್ಟಿ ಸೇರಿಸಲು ಅವಕಾಶವಿದೆ. ಆಸ್ಪತ್ರೆಯಿಂದ ಬಿಡುಗಡೆಯಾಗುವ ಗಡಿಬಿಡಿಯಲ್ಲಿ ಯಾರೋ ಹೇಳಿದ ಹೆಸರನ್ನು ಬರೆಸಿಬಿಡುವ ಅಗತ್ಯವಿಲ್ಲ. 2023ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿಯಂತೆ ಆ ದಿನದಿಂದ ಹುಟ್ಟಿದ ಮಕ್ಕಳ ಶಾಲಾ ಪ್ರವೇಶ, ಮತದಾರರ ನೋಂದಣಿ, ಚಾಲನಾ ಪರವಾನಗಿ ಮೊದಲಾದವಕ್ಕೆಲ್ಲ ಹುಟ್ಟಿದ ದಿನ ಮತ್ತು ಸ್ಥಳದ ಆಧಾರ ಜನನ ಪ್ರಮಾಣಪತ್ರವೇ ಆಗಿರುವುದರಿಂದ ಅಲ್ಲಿ ಬರೆಸುವ ಕಾಗುಣಿತವನ್ನು ಕನ್ನಡದಲ್ಲಿಯೂ ಇಂಗ್ಲಿಷಿನಲ್ಲಿಯೂ ಮೊದಲೇ ಕಾಗದದ ಮೇಲೆ ಬರೆದುಕೊಂಡು ಹೋಗುವುದು ಒಳ್ಳೆಯದು. ಅರ್ಜಿ ತುಂಬುವವರು ತಮ್ಮ ರೂಢಿಯಂತೆ ಕೊನೆಗೆ ಕುಮಾರ್ ಎಂದೋ ಕುಮಾರಿ ಎಂದೋ ಸೇರಿಸಿಬಿಡುವುದುಂಟು, ಸಹಿ ಹಾಕುವ ಮೊದಲು ಓದಿನೋಡಿ. ನಮ್ಮ ಮನೆಯಲ್ಲಿ ತಮ್ಮನ ಹೆಂಡತಿಯೇ ಹೋಗಿ, ಕೀರ್ತಿ ಎಂದಷ್ಟೇ ಬರೆಸಿ, ಎರಡು ಸಲ ಓದಿ ಸಹಿ ಹಾಕಿ ಬಂದಳು.